ಗುರು ಗ್ರಹದಲ್ಲಿ ಅವ್ವನ ತೂಕ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಗುರುತ್ವಾಕರ್ಷಣೆಯ ಪಾಠವನ್ನು ಈಗ ನಾನು ಮಾಡುವುದಿಲ್ಲ. ಹುಮನಾಬಾದಿನ ನಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರರಿಗೆ ಅದನ್ನು ಬಿಟ್ಟುಕೊಟ್ಟು, ಬದಲಿಗೆ ಅವರ ಬೀಜಗಣಿತದ ತಾಸುಗಳನ್ನು ತೆಗೆದುಕೊಳ್ಳುತ್ತೇನೆ. ಅವರು ಕಾರಣ ಕೇಳಿಲ್ಲ, ನಾನೂ ಹೇಳಿಲ್ಲ. ನನ್ನಷ್ಟು ಚೆಂದವಾಗಿ ಆ ಪಾಠ ಮಾಡುವವರು ಈ ತಾಲೂಕಿನಲ್ಲೇ ಇರಲಿಲ್ಲ. ಜಂಬ ಅನ್ನುವವರು ಅನ್ನಲಿ.

ಪಾಠ ಶುರುವಾಗುತ್ತಿದ್ದುದು ಎರಡು ಸಾಮಾನುಗಳಿಂದ. ಒಂದು ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ. ಇನ್ನೊಂದು ಅಪ್ಪನ ಅಂಗಡಿಯಿಂದ ಹೊತ್ತು ತಂದಿದ್ದ ಎರಡು ತಟ್ಟೆಯ ಹಳೆಯ ತಕ್ಕಡಿ. ಸ್ಪ್ರಿಂಗಿಗೆ ಒಂದು ಗಟ್ಟಿ ಬೆಲ್ಲ ತೂಗುಹಾಕಿ, "ಇದನ್ನ ಚಂದ್ರನ ಮ್ಯಾಲ ಒಯ್ದ್ರ ಮುಳ್ಳು ಎಲ್ಲಿ ನಿಂದರ್ತದ?" ಅಂತ ಕೇಳುತ್ತಿದ್ದೆ. ಆರರಲ್ಲಿ ಒಂದು ಪಾಲಿಗೆ. ಮಂಗಳನಲ್ಲಿ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚಿಗೆ. ಶುಕ್ರನಲ್ಲಿ ಇಲ್ಲಿಗಿಂತ ಸ್ವಲ್ಪ ಕಡಿಮೆ. ಗುರು ಗ್ರಹದಲ್ಲಿ ಎರಡೂವರೆ ಪಟ್ಟು. ಅಲ್ಲಿ ಕಾಲೂರಲು ಗಟ್ಟಿ ನೆಲವೇ ಇಲ್ಲ, ಆದರೂ ನಿಂತೆವು ಅಂತ ಇಟ್ಟುಕೊಂಡರೆ. ಆಮೇಲೆ ಅದೇ ಬೆಲ್ಲವನ್ನು ಎರಡು ತಟ್ಟೆಯ ತಕ್ಕಡಿಯ ಒಂದು ಕಡೆ ಇಟ್ಟು, ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲು ಇಡುತ್ತಿದ್ದೆ. "ಈಗ ಚಂದ್ರನ ಮ್ಯಾಲ?" ಹುಡುಗರು ಮತ್ತೆ ಆರರಲ್ಲಿ ಒಂದು ಅಂತ ಕೂಗುತ್ತಿದ್ದರು. "ಮಬ್ಬುಗಳ್ರಾ, ಬೆಲ್ಲ ಹಗರಾದ್ರ ಕಲ್ಲು ಹಗರಾಗಂಗಿಲ್ಲೇನು?" ಅಂದಾಗ ಒಂದೊಂದೇ ಮುಖ ಅರಳುತ್ತಿತ್ತು. ಸ್ಪ್ರಿಂಗ್ ಅಳೆಯುವುದು ಎಳೆತವನ್ನು, ಎಳೆತ ಗ್ರಹಕ್ಕೊಂದು ಥರ. ತಕ್ಕಡಿ ಅಳೆಯುವುದು ವಸ್ತುವಿನೊಳಗಿನ ಸರಕನ್ನು, ಅದು ಎಲ್ಲಿಗೆ ಹೋದರೂ ಅಷ್ಟೇ. ತಕ್ಕಡಿಯನ್ನು ಯಾವ ಗ್ರಹವೂ ಮೋಸ ಮಾಡಲಾರದು ಅಂತ ನಾನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ.

ಗ್ರಹಗಳು ಮಾಡಲಾರವು. ಆದರೆ ನಮ್ಮ ಮನೆಯ ಗಂಡಸರು ಮಾಡಿದರು.

ಅವ್ವ ಬಸವಕಲ್ಯಾಣದಲ್ಲಿ ನನ್ನ ಇಬ್ಬರು ಅಣ್ಣಂದಿರ ಜೊತೆ ಇದ್ದಳು. ಮನೆಯ ಮುಂಭಾಗದಲ್ಲಿ ಬೆಲ್ಲ ಮತ್ತು ತೊಗರಿಯ ಅಂಗಡಿ, ಹಿಂಭಾಗದಲ್ಲಿ ಸಂಸಾರ. ಅಪ್ಪ ತೀರಿಕೊಂಡ ಮೇಲೂ ಅವ್ವ ದಿನಾ ಒಂದು ಹೊತ್ತು ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ಕೂರುತ್ತಿದ್ದಳು, ಬಂದವರನ್ನು ಮಾತಾಡಿಸಲಿಕ್ಕೆ. ಎತ್ತರದ ಆಳು, ಅದಕ್ಕೆ ತಕ್ಕ ಮೈ. ಸಣ್ಣಣ್ಣ ಹುಟ್ಟಿದಾಗ ಹರಕೆ ತೀರಿಸಲು ಹುಮನಾಬಾದಿನ ಗುಡಿಯಲ್ಲಿ ಅವಳ ಬೆಲ್ಲದ ತುಲಾಭಾರ ಮಾಡಿಸಿದ್ದರಂತೆ. ಒಂದು ತಟ್ಟೆಯಲ್ಲಿ ಅವ್ವ, ಇನ್ನೊಂದರಲ್ಲಿ ಹತ್ತು ಹತ್ತು ಕಿಲೋದ ಬೆಲ್ಲದ ಪೆಂಟಿಗಳು. ಏಳನೆಯ ಪೆಂಟಿ ಇಟ್ಟ ಮೇಲೆ ಅವ್ವ ಕೂತ ತಟ್ಟೆ ನೆಲ ಬಿಟ್ಟಿತಂತೆ. ಅಂದಿನಿಂದ ಅವಳ ಮಾತಿನ ಮುಂದೆ ಒಂದು ಬಿರುದು ಸೇರಿತು. ಸೊಸೆಯಂದಿರ ಜೊತೆ ಜಗಳವಾದರೂ ಅದೇ, ಪೇಟೆಯ ಹಮಾಲರನ್ನು ಗದರಿಸಿದರೂ ಅದೇ: "ಏಳು ಪೆಂಟಿ ಹೆಣ್ಮಗಳು ನಾ! ನನ್ನ ಮುಂದ ನಿಮ್ಮದೇನು ನಡೀತದ?"

ಇಂಥವಳಿಗೆ ಒಬ್ಬಳೇ ತಂಗಿ. ನನ್ನ ಚಿಗವ್ವ. ಚಿಟಗುಪ್ಪದ ಆಚೆ ಕೊಡಂಬಲದಲ್ಲಿ ಒಕ್ಕಲುತನದ ಮನೆ. ಅಕ್ಕತಂಗಿಯರು ಮಾತು ಬಿಟ್ಟು ಹನ್ನೆರಡು ವರ್ಷದ ಮೇಲಾಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ. ಸಣ್ಣಣ್ಣನ ಮದುವೆಯಲ್ಲಿ ಅವ್ವ ಚಿಗವ್ವನಿಗೆ ಆಹೇರಿಯಾಗಿ ಒಂದು ಇಳಕಲ್ ಸೀರೆ ಕೊಟ್ಟಳು. ಮದುವೆ ಮುಂಜಿಗಳಲ್ಲಿ ಬಂದ ಸೀರೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನ ಮದುವೆಗೆ ದಾಟಿಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಅದು ಚಿಗವ್ವನೇ ಹಿಂದೊಮ್ಮೆ ನಮ್ಮ ಮನೆಯ ತೊಟ್ಟಿಲ ಕಾರ್ಯಕ್ಕೆ ತಂದಿದ್ದ ಸೀರೆ! ಸೆರಗಿನಲ್ಲಿ ಅವಳೇ ಹಾಕಿದ್ದ ಅರಿಶಿನದ ಗುರುತು ಹಾಗೇ ಇತ್ತು. ಚಿಗವ್ವ ಮಂಟಪದ ನಡುವೆ ಸೀರೆ ಬಿಚ್ಚಿ ಎಲ್ಲರಿಗೂ ತೋರಿಸಿದಳು. ಅವ್ವ, "ನನ್ನ ಮನಿ ಹೊಸ್ತಿಲಾ ಇನ್ನ ಹತ್ತಬ್ಯಾಡ" ಅಂದಳು. ಚಿಗವ್ವ, "ನೀನಾಗೇ ಬಂದು ಕರೀತನಕ ಹತ್ತಿದ್ರ ನಾ ನಮ್ಮಪ್ಪನ ಮಗಳಲ್ಲ" ಅಂದಳು. ಇಬ್ಬರಿಗೂ ಒಬ್ಬನೇ ಅಪ್ಪ, ಅವನ ಹಟ ಇಬ್ಬರಿಗೂ ಸಮಪಾಲು ಬಂದಿತ್ತು. ನಾನು ಮಾತ್ರ ವರ್ಷಕ್ಕೊಮ್ಮೆ ಎಳೆ ಜೋಳದ ಸೀತನಿ ತಿನ್ನುವ ನೆಪದಲ್ಲಿ ಕೊಡಂಬಲಕ್ಕೆ ಹೋಗಿಬರುತ್ತಿದ್ದೆ. ಅದು ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿರಲಿಲ್ಲ, ಕೇಳದೆ ನನ್ನ ಚೀಲದಲ್ಲಿದ್ದ ಸಜ್ಜೆ ರೊಟ್ಟಿಯನ್ನು ತೆಗೆದು ತಿನ್ನುತ್ತಿದ್ದಳು.

ಅವ್ವನಿಗೆ ಹೊಟ್ಟೆನೋವು ಶುರುವಾಗಿ, ಉಂಡದ್ದು ನಿಲ್ಲದಂತಾದಾಗ ಅಣ್ಣಂದಿರು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ನಾನೂ ಹೋದೆ. ಡಾಕ್ಟರರು ಹೊರಗೆ ಕರೆದು ಹೇಳಿದರು: ಹೊಟ್ಟೆಯ ಕ್ಯಾನ್ಸರ್, ಕೊಯ್ಯುವ ಹಂತ ದಾಟಿದೆ, ಕೆಲವು ತಿಂಗಳು. ಬೇಕಾದುದನ್ನು ಉಣ್ಣಲಿ, ನೋಡಬೇಕೆಂದವರನ್ನು ನೋಡಲಿ ಅಂದರು. ಅವರ ಮಾತು ಅಷ್ಟು ಸ್ಪಷ್ಟ ಇತ್ತು. ಅದನ್ನು ಅವ್ವನಿಗೆ ಹೇಳೋಣ ಅಂತ ನಾನು ಬಾಯಿ ತೆರೆಯುವುದರೊಳಗೆ ದೊಡ್ಡಣ್ಣ ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದ.

"ಅವ್ವಗ ಅಲ್ಸರ್ ಅಂತ ಹೇಳೂದು. ತಿಳೀತಿಲ್ಲೋ? ನೀ ಏನರ ಬಾಯಿ ಬಿಟ್ರ ಅಕಿ ಎದಿ ಒಡದು ಅವತ್ತೇ ಸಾಯ್ತಾಳ. ನಿನ್ನ ಮಗಳ ಆಣಿ ಅದ, ನೋಡು."

"ಅಕಿ ಜೀವ, ಅಕಿಗೇ ಗೊತ್ತಿರಬಾರ್ದಾ?" ಅಂದೆ.

"ನಿನ್ನ ಸಾಲಿ ಶಾಣ್ಯಾತನ ಸಾಲ್ಯಾಗ ಇಟ್ಕೋ."

ಮಗಳ ಆಣೆ ಹಾಕಿದರೆ ತಾಯಿ ಏನು ಮಾಡಬೇಕು? ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ಭಾಷಣ ಮಾಡುವವಳು ನಾನೇ. ಆದರೂ ಬಾಯಿ ಕಟ್ಟಿತು. ಹೆರದ ಗಂಡಸಿಗೆ ಈ ಆಣೆ ಎಷ್ಟು ಸಲೀಸು ನೋಡಿ.

ಅವ್ವ ಹೊರಬಂದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಕೈಮುಗಿದು, "ನಡಕೋತ ಮನಿಗೆ ಹೊಂಟೀನಿ. ನನ್ನ ತೂಕದ ಬೆಲ್ಲ ಕೊಡ್ತೀನಿ, ಶಿವನೇ" ಅಂತ ಹರಕೆ ಹೊತ್ತಳು. ಅಣ್ಣಂದಿರು ಮುಖ ಮುಖ ನೋಡಿಕೊಂಡರು.

ವಾರಕ್ಕೊಮ್ಮೆ ತೂಕ ನೋಡಿರಿ ಅಂತ ಡಾಕ್ಟರರು ಹೇಳಿದ್ದರಿಂದ ಕಾಲಿಟ್ಟು ನಿಲ್ಲುವ ತೂಕದ ಯಂತ್ರವೊಂದನ್ನು ನಾನೇ ತಂದುಕೊಟ್ಟಿದ್ದೆ. ಪ್ರತಿ ರವಿವಾರ ಬಸ್ಸು ಹಿಡಿದು ಕಲ್ಯಾಣಕ್ಕೆ ಹೋಗುತ್ತಿದ್ದೆ. ಅವ್ವನ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಕುಪ್ಪಸಕ್ಕೆ ಎರಡೆರಡು ಸಲ ಹೊಲಿಗೆ ಹಿಡಿದಿದ್ದರು. ಯಂತ್ರ ಮಾತ್ರ ಅವಳು ಅರವತ್ತರ ಹತ್ತಿರ ಇದ್ದಾಳೆ ಅನ್ನುತ್ತಿತ್ತು. ಇದ್ಯಾವ ಚಮತ್ಕಾರ ಅಂತ ಒಂದು ದಿನ ಅವ್ವ ಬಚ್ಚಲಿಗೆ ಹೋದಾಗ ಬಗ್ಗಿ ನೋಡಿದೆ. ಯಾರೂ ನಿಂತಿಲ್ಲ, ಮುಳ್ಳು ಹದಿನೈದರ ಹತ್ತಿರ ನಿಂತಿದೆ! ಹಿಂಬದಿಯ ಸಣ್ಣ ಗಾಲಿಯನ್ನು ತಿರುಗಿಸಿಟ್ಟಿದ್ದರು. ನಮ್ಮ ಪಡಸಾಲೆಯಲ್ಲಿ ಬರೀ ಗಾಳಿಗೆ ಹದಿನೈದು ಕಿಲೋ ತೂಕ. ಯಾವ ಗ್ರಹದ ಗುರುತ್ವವಪ್ಪಾ ಇದು ಅಂತ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಯಾರು ಮಾಡಿದ್ದು?" ಅಂತ ದೊಡ್ಡಣ್ಣನ ಹೆಂಡತಿ, ದೊಡ್ಡ ವೈನಿಯನ್ನು ಕೇಳಿದೆ.

"ನಿಮ್ಮ ಅಣ್ಣಾರೇ ರಿ. ಅತ್ತಿ ಫಿಕರ್ ಮಾಡ್ತಾರಂತ." ಆಮೇಲೆ ದನಿ ತಗ್ಗಿಸಿ, "ಮತ್ತ ಬಂದವ್ರು ಹೋದವ್ರು, ಸೊಸೆಂದ್ರು ಉಪಾಸ ಕೆಡವ್ಯಾರ ಅಂತ ಅನ್ನಬಾರ್ದಲ್ರಿ" ಅಂದಳು.

ಖರೇ ಮಾತು ಬಾಲಕ್ಕೆ ಬಂತು. ಅಂಗಡಿಯ ಇಜ್ಜತ್ತು. ಇಡೀ ಊರಿಗೆ ಬೆಲ್ಲ ತೂಗುವ ಮನೆಯ ಮುದುಕಿ ಒಣಗಿದ ಬೋರೆಹಣ್ಣಾದರೆ ಜನ ಏನಂದಾರು!

ಅವ್ವ ದಡ್ಡಳಲ್ಲ. ಒಂದು ರವಿವಾರ ಹೊರಸಿನ ಮೇಲೆ ಕೂತು ನನ್ನಿಂದ ಕಾಲು ಒತ್ತಿಸಿಕೊಳ್ಳುತ್ತ ಕೇಳಿದಳು:

"ಯವ್ವಾ, ಎದ್ದು ನಿಂತ್ರ ಗಾಳಿಗೆ ಹಾರಿ ಹೋಗ್ತೀನೇನೋ ಅನ್ನಸ್ತದ. ಆ ಡಬ್ಬಿ ನೋಡಿದ್ರ ಅರವತ್ತು ಅಂತದ. ಹ್ಯಾಂಗ?"

ಆಣೆ ನೆನಪಾಯಿತು. ಬಾಯಿಗೆ ಬಂದದ್ದನ್ನು ನುಂಗಿ, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ತೆಗೆದೆ. ಆ ಡಬ್ಬಿಯೊಳಗೆ ಸ್ಪ್ರಿಂಗ್ ಇರುತ್ತದೆ, ಅದನ್ನು ಪೂರ್ತಿ ನಂಬಬಾರದು, ಚಂದ್ರನ ಮೇಲೆ ಇಟ್ಟರೆ ಒಂದು ಹೇಳುತ್ತದೆ, ಮಂಗಳನ ಮೇಲೆ ಇಟ್ಟರೆ ಇನ್ನೊಂದು ಹೇಳುತ್ತದೆ ಅಂದೆ. ಅವ್ವನಿಗೆ ಕುತೂಹಲವಾಯಿತು. ಒಂದೊಂದೇ ಗ್ರಹ ಕೇಳುತ್ತ ಹೋದಳು.

"ಮಂಗಳನ ಮ್ಯಾಲ ಮೂರನೇ ಪಾಲೇ? ಅಷ್ಟು ಹಗರ ಇದ್ದವ ನಿನ್ನ ಲಗ್ನ ಯಾಕ ಅಷ್ಟು ವರ್ಷ ಹಿಡಕೊಂಡು ಕುಂತಿದ್ದ?"

ನನಗೆ ಕುಜದೋಷ ಅಂತ ಹೇಳಿ ಬಂದ ವರಗಳನ್ನೆಲ್ಲ ವಾಪಸು ಕಳಿಸಿದವಳು ಇವಳೇ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ನಕ್ಕುಬಿಟ್ಟೆ.

"ಶನಿ?"

"ಶನಿ ಮ್ಯಾಲ ಹೆಚ್ಚುಕಮ್ಮಿ ಇಲ್ಲಿದ್ದಷ್ಟೇ ಅವ್ವಾ."

"ಸುಳ್ಳ! ಏಳೂವರಿ ವರ್ಷ ನಿಮ್ಮಪ್ಪನ ಹೆಗಲ ಮ್ಯಾಲ ಕುಂತು ಹೈರಾಣ ಮಾಡ್ಯಾನ. ಅವನ ಭಾರ ನಿಮ್ಮ ಪುಸ್ತಕದಾವ್ರಿಗೆ ಏನು ಗೊತ್ತು?" ಅಂದವಳು, ಜಾರಿದ ಬಳೆಗಳನ್ನು ಮುಂಗೈಗೆ ಎಳೆದುಕೊಂಡು, "ನಾ ಮೊದಲಿನಂಗ ತೂಗಬೇಕಂದ್ರ ಯಾವ ಗ್ರಹಕ್ಕ ಹೋಗಬೇಕು?" ಅಂದಳು.

"ಗುರು ಗ್ರಹಕ್ಕ. ಅಲ್ಲಿ ನೀ ಹತ್ತು ಪೆಂಟಿ ಆಗ್ತಿ."

ಅವ್ವ ನಗಲಿಲ್ಲ. ನನ್ನ ಕೈಯನ್ನು ಕಾಲ ಮೇಲಿಂದ ತೆಗೆದು ತನ್ನ ಕೈಯೊಳಗೆ ಹಿಡಿದುಕೊಂಡಳು.

"ನೋಡು, ಇವ್ರು ನನಗ ಖರೇ ಹೇಳವಲ್ರು. ನನಗ ಹೋಗೂ ಕಾಲ ಬಂದದ ಅಂತ ಖಾತ್ರಿ ಆದ್ರ ಕೊಡಂಬಲಕ್ಕ ನಾನೇ ಹೋಗ್ತೀನಿ. ಅಕಿ ಕೈಯಾಗಿನ ಒಂದು ತುತ್ತು ಉಂಡು ಬರ್ತೀನಿ. ಸಾಯೂ ಮುಂದ ಎಂಥಾ ಹಟ? ಆದ್ರ ಇನ್ನ ನಾಕು ವರ್ಷ ಬದುಕಾಕಿ ಇದ್ರ ಯಾಕ ಹೋಗ್ಲಿ? ಸಣ್ಣಾಕಿ ಅಕಿ. ಅಕಿನೇ ಬರ್ಲಿ."

ಆಗಲೇ ನನಗೆ ಉಪಾಯ ಹೊಳೆಯಿತು. ಹೊಳೆಯಿತು ಅಂತ ನಾನು ಎಷ್ಟು ಹಿಗ್ಗಿದೆ! ಆಣೆ ಮುರಿಯದೆ ಅವ್ವನಿಗೆ ಸತ್ಯ ತಿಳಿಸುವ ದಾರಿ ಅವಳ ಹರಕೆಯಲ್ಲೇ ಇತ್ತಲ್ಲ.

"ಅವ್ವಾ, ತುಲಾಭಾರ ಮಾಡಸೋಣ. ಆ ತಕ್ಕಡ್ಯಾಗ ಸ್ಪ್ರಿಂಗಿಲ್ಲ. ಈ ಕಡೆ ನೀನು, ಆ ಕಡೆ ಬೆಲ್ಲ. ಚಂದ್ರನ ಮ್ಯಾಲ ತೂಗಿದ್ರೂ, ಗುರು ಗ್ರಹದ ಮ್ಯಾಲ ತೂಗಿದ್ರೂ ಎಷ್ಟು ಪೆಂಟಿ ಅಷ್ಟೇ ಪೆಂಟಿ. ಅದು ಯಾವ ಗ್ರಹದಾಗೂ ಸುಳ್ಳು ಹೇಳಂಗಿಲ್ಲ."

"ಬಿಲ್ಕುಲ್?"

"ಬಿಲ್ಕುಲ್ ಹೇಳಂಗಿಲ್ಲ."

ಅವ್ವ ತಲೆ ಆಡಿಸಿದಳು. ಐದು ಪೆಂಟಿ ದಾಟದಿದ್ದರೆ ಗುಡಿಯಿಂದ ನೇರ ಕೊಡಂಬಲಕ್ಕೆ ಗಾಡಿ ತಿರುಗಿಸಬೇಕು ಅಂತ ಅವಳೇ ನಿರ್ಧರಿಸಿದಳು. ಅವಳು ನಲವತ್ತೈದನ್ನು ಮುಟ್ಟುವುದಿಲ್ಲ ಅಂತ ನನಗೆ ಗೊತ್ತಿತ್ತು. ಆ ವಾರವೆಲ್ಲ ಶಾಲೆಯಲ್ಲಿ ನನಗೆ ನಿರಾಳ ಅನ್ನಿಸಿತು.

ಅಣ್ಣಂದಿರು ಮೊದಲು ಒಲ್ಲೆ ಅಂದರು. ಆರಾಮಾದ ಮೇಲೆ ಮಾಡೋಣ, ಬಿಸಿಲಿದೆ, ಜನ ಸೇರುತ್ತಾರೆ, ನೂರೆಂಟು ನೆಪ. ಅವ್ವ ಊಟ ಬಿಟ್ಟು ಕೂತಾಗ ಒಪ್ಪಿಕೊಂಡರು. ಒಪ್ಪಿದ್ದಷ್ಟೇ ಅಲ್ಲ, ದೊಡ್ಡಣ್ಣ ತಾನೇ ಮುಂದೆ ನಿಂತು ಬೆಲ್ಲ ಆರಿಸಿದ, ಬಂಧುಬಳಗಕ್ಕೆಲ್ಲ ಫೋನು ಮಾಡಿದ. ಇವನಿಗೆ ಕೊನೆಗೂ ತಾಯಿಯ ಮೇಲೆ ಕರುಣೆ ಬಂತು ಅಂದುಕೊಂಡೆ ನಾನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಾದೆ.

ಸೋಮವಾರ ಬೆಳಿಗ್ಗೆ ಹುಮನಾಬಾದಿನ ಗುಡಿಯಲ್ಲಿ ಜನ ಚೆನ್ನಾಗಿಯೇ ಸೇರಿದರು. ಕಲ್ಯಾಣದ ಪೇಟೆಯವರು, ಬೀಗರು, ನನ್ನ ಶಾಲೆಯ ನಾಲ್ಕು ಮಂದಿ. ಕಲ್ಲಿನ ಕಂಬಗಳ ನಡುವೆ ತೊಲೆ, ಸರಪಳಿ, ಎರಡು ಕಟ್ಟಿಗೆಯ ತಟ್ಟೆ. ಅವ್ವ ತನ್ನ ಹಳೆಯ ಹಸಿರು ಸೀರೆ ಉಟ್ಟು, ವಿಭೂತಿ ಹಚ್ಚಿ, ಇಬ್ಬರ ಹೆಗಲು ಹಿಡಿದು ಬಂದಳು. ದೊಡ್ಡಣ್ಣ ಕಾರಿನಿಂದ ಒಂದು ದಪ್ಪ ಗಾದಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದ. "ಅವ್ವಗ ಎಲುಬು ಒತ್ತತಾವ, ಬರೇ ಕಟಗಿ ಮ್ಯಾಲ ಹ್ಯಾಂಗ ಕೂಡ್ತಾಳ?" ಅಂದ. ತಾನು ಕುಡಿಯುವ ನೀರಿನ ಲೋಟವನ್ನೇ ಎತ್ತದ ಮನುಷ್ಯ, ಮುಖ ಕೆಂಪಗೆ ಮಾಡಿಕೊಂಡು, ಬೆವರು ಸುರಿಸುತ್ತ ತಾನೇ ಹೊತ್ತು ತಂದು ತಟ್ಟೆಯಲ್ಲಿ ಇಟ್ಟ. ಸುತ್ತಲಿನ ಹೆಂಗಸರು, "ಮಗ ಅಂದ್ರ ಹೀಂಗಿರಬೇಕ್ರಿ" ಅಂದರು. ನಾನು ಗಾದಿ ನೋಡಿದೆ, ಹತ್ತಿಯದು, ಒಂದೆರಡು ಕಿಲೋ ಆದೀತು, ಹೋಗಲಿ ಅಂದುಕೊಂಡೆ. ವಿಜ್ಞಾನ ಹೇಳುವವಳ ಲಕ್ಷಣ ನೋಡಿ.

ಬೆಲ್ಲ ಇಡಲು ಶುರು ಮಾಡಿದರು. ಒಂದು, ಎರಡು, ಮೂರು. ಅವ್ವ ಕಣ್ಣು ಮುಚ್ಚಿ ಸರಪಳಿ ಹಿಡಿದಿದ್ದಳು. ನಾಲ್ಕನೆಯದು ಇಟ್ಟಾಗ ನಾನು ತಟ್ಟೆಯ ಹತ್ತಿರಕ್ಕೆ ಸರಿದು ನಿಂತೆ. ಐದನೆಯದಕ್ಕೆ ತಟ್ಟೆ ಏಳಬೇಕು. ಇಟ್ಟರು, ಏಳಲಿಲ್ಲ. ಆರನೆಯದು, ಆಗಲೂ ಏಳಲಿಲ್ಲ. ಆಮೇಲೆ ಒಂದು ಅರ್ಧ ಪೆಂಟಿ ಇಟ್ಟ ಮೇಲೆ ಅವ್ವ ನಿಧಾನಕ್ಕೆ ನೆಲ ಬಿಟ್ಟಳು. ಜನ ಜಯಕಾರ ಹಾಕಿದರು. ಅವ್ವ ಕಣ್ಣು ತೆರೆದು, "ಎಷ್ಟು?" ಅಂತ ನನ್ನನ್ನೇ ಕೇಳಿದಳು. ನಾನು ಹೇಳುವ ಮೊದಲೇ ಹತ್ತು ಬಾಯಿ, "ಆರೂವರಿ!" ಅಂದವು.

ಅವ್ವನ ಮುಖದಲ್ಲಿ ಆಗ ಬಂದ ಕಳೆಯನ್ನು ನಾನು ಮರೆಯಲಾರೆ. "ಅರ್ಧ ಪೆಂಟಿ ಅಷ್ಟೇ ಹೋಗ್ಯದ. ದವಾಖಾನಿ ಗಂಜಿ ಕುಡಿದು ಅಷ್ಟೂ ಹೋಗದಿದ್ರ ಹ್ಯಾಂಗ?" ಅಂತ ಎಲ್ಲರಿಗೂ ಕೇಳುವಂತೆ ಅಂದಳು.

ಅವಳನ್ನು ಗರ್ಭಗುಡಿಯ ಕಡೆ ಕರೆದುಕೊಂಡು ಹೋದ ತಕ್ಷಣ ನಾನು ಗಾದಿಗೆ ಕೈ ಹಾಕಿದೆ. ಎತ್ತಲು ಬರಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿದರೆ ಹತ್ತಿಯ ಒಳಗೆ ಎರಡು ಕಬ್ಬಿಣದ ಕಲ್ಲು, ಹತ್ತು ಹತ್ತು ಕಿಲೋದವು, ನಮ್ಮ ಅಂಗಡಿಯವೇ.

"ಥೂ ನಿನ್ನ ಜನ್ಮಕ್ಕ!" ಅಂದೆ ದೊಡ್ಡಣ್ಣನಿಗೆ. "ದೇವರ ತಕ್ಕಡಿಗೂ ಕಲ್ಲು ಇಟ್ಟ್ಯಲ್ಲೋ!"

"ಸಾವಕಾಶ ಮಾತಾಡು. ಮಂದಿ ಅದಾರ." ಅವನು ಗಾದಿಯನ್ನು ನನ್ನ ಕೈಯಿಂದ ಕಿತ್ತುಕೊಂಡ. "ಅಕಿ ಮಾರಿ ನೋಡಿದ್ಯಾ? ಎಷ್ಟು ದಿನಕ್ಕ ಹಂಗ ನಕ್ಕಾಳ? ಆ ನಗು ಕಸ್ಕೋಬೇಕಂತಿ ಏನು? ಕಸ್ಕೋ ಹೋಗು."

ಅವನ ಮಾತಿನಲ್ಲೂ ಒಂದು ಎಳೆ ಖರೇ ಇತ್ತು, ಅದಕ್ಕೇ ಇನ್ನೂ ಹೆಚ್ಚು ಹೊಟ್ಟೆ ಉರಿಯಿತು. ಅವ್ವ ನಕ್ಕಿದ್ದಳು. ಆದರೆ ಅವಳು ಕೇಳಿದ್ದು ನಗುವನ್ನಲ್ಲ. ಹೋಗಬೇಕೋ ಇರಬೇಕೋ, ಅಷ್ಟನ್ನೇ ಕೇಳಿದ್ದಳು.

ಅವತ್ತು ಸಂಜೆ ಕಲ್ಯಾಣದ ಮನೆಯಲ್ಲಿ ಆಣೆ ಗೀಣೆ ಸುಡುಗಾಡಿಗೆ ಹೋಗಲಿ ಅಂತ ಬಾಗಿಲು ಹಾಕಿಕೊಂಡು ಅವ್ವನಿಗೆ ಎಲ್ಲ ಹೇಳಿದೆ. ಕ್ಯಾನ್ಸರ್ ಅಂದೆ. ಕೆಲವೇ ತಿಂಗಳು ಅಂದೆ. ಗಾದಿಯೊಳಗೆ ಕಲ್ಲು ಇಟ್ಟಿದ್ದರು, ನೀನು ಆರೂವರೆ ಇಲ್ಲ, ನಾಲ್ಕೂವರೆಯೂ ಇಲ್ಲ, ನಾಳೆಯೇ ಕೊಡಂಬಲಕ್ಕೆ ಹೋಗೋಣ ಅಂದೆ. ಅಳುತ್ತಲೇ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕಣ್ಣು ಸಣ್ಣ ಮಾಡಿ,

"ಅಕಿ ಕಳಿಸ್ಯಾಳೇನು ನಿನ್ನ?" ಅಂದಳು.

"ಯಾರು?"

"ನಿನ್ನ ಚಿಗವ್ವ. ವರ್ಷಾ ಅಕಿ ಮನಿ ರೊಟ್ಟಿ ತಿಂತಿ. ನಾ ಹೋಗಿ ಅಕಿ ಮುಂದ ತಲಿ ಬಗ್ಗಸಬೇಕು, ಹೌದಿಲ್ಲೋ?"

"ಅವ್ವಾ, ನನ್ನ ಮಗಳ ಆಣಿಗೂ ಖರೇ."

"ಮಗಳ ಆಣಿ ಹಾಕಬ್ಯಾಡ, ಮೂಳಿ!" ಅಂತ ಗದರಿಸಿದಳು. "ತಕ್ಕಡಿ ಸುಳ್ಳು ಹೇಳಂಗಿಲ್ಲ ಅಂದಾಕಿ ನೀನು. ಯಾವ ಗ್ರಹದಾಗೂ ಹೇಳಂಗಿಲ್ಲ ಅಂದಿ. ಈಗ ತಕ್ಕಡಿ ಸುಳ್ಳು, ನೀ ಖರೇ?"

ಓಡಿಹೋಗಿ ಆ ಯಂತ್ರ ತಂದೆ. ಅವಳ ಕಣ್ಣೆದುರಿಗೇ ಹಿಂದಿನ ಗಾಲಿ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದೆ. "ಒಮ್ಮೆ ನಿಂದ್ರು ಅವ್ವಾ, ಒಂದೇ ಒಮ್ಮೆ, ಕೈ ಮುಗೀತೀನಿ" ಅಂದೆ.

"ಅದರಾಗ ಸ್ಪ್ರಿಂಗ್ ಅದ" ಅಂದಳು ಅವ್ವ. "ಅದು ಗ್ರಹಕ್ಕೊಂದು ಮಾತಾಡ್ತದ. ನೀನೇ ಹೇಳಿದ್ದಿ." ಹಾಗಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಇಷ್ಟು ವರ್ಷದಲ್ಲಿ ನನ್ನ ಪಾಠವನ್ನು ಅಷ್ಟು ಅಚ್ಚುಕಟ್ಟಾಗಿ ಕಲಿತ ವಿದ್ಯಾರ್ಥಿ ಇನ್ನೊಬ್ಬರಿಲ್ಲ.

ಮುಂದಿನ ರವಿವಾರ ಕಲ್ಯಾಣಕ್ಕೆ ಹೋಗಲಿಲ್ಲ. ಚಿಟಗುಪ್ಪದ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಕೊಡಂಬಲಕ್ಕೆ ಹೋದೆ. ಅವ್ವ ಬರದಿದ್ದರೆ ಚಿಗವ್ವನನ್ನೇ ಕರೆದುಕೊಂಡು ಬರೋಣ ಅಂತ. ಚಿಗವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಕೂರುವ ಮೊದಲೇ ಒಳಗಿನಿಂದ ಒಂದು ತಟ್ಟೆ ತಂದಳು. ತಟ್ಟೆ ತುಂಬ ಬೆಲ್ಲದ ತುಂಡು.

"ನೋಡು, ನಿಮ್ಮ ಮನ್ಯಾಗಿಂದ ಪ್ರಸಾದ ಬಂದದ. ನಿಮ್ಮ ದೊಡ್ಡಣ್ಣ ಆಳು ಮನಿಶ್ಯಾನ ಕೈಲಿ ಕಳಿಸ್ಯಾನ. ಆರೂವರಿ ಪೆಂಟಿ ತೂಗಿದ್ಳಂತಲ್ಲ ನಿಮ್ಮವ್ವ! ಊರ ಮಂದಿ ಬಾಯಾಗೆಲ್ಲ ಅದೇ ಮಾತು."

"ಅದು ಸುಳ್ಳು ಚಿಗವ್ವ. ಅವ್ವ ಸಾಯಾಕತ್ತಾಳ" ಅಂದೆ. ಮತ್ತೆ ಎಲ್ಲ ಹೇಳಿದೆ.

ಚಿಗವ್ವ ತೊಗರಿಯಲ್ಲಿ ಕೈಯಾಡಿಸುತ್ತ ಕೇಳಿದಳು. ಒಂದು ಕ್ಷಣ ಅವಳ ಕೈ ನಿಂತಿತು. ಬಂದಳು, ಈಗ ಎದ್ದು ಬಂದೇ ಬಿಡುತ್ತಾಳೆ ಅಂದುಕೊಂಡೆ.

"ಸಾಯಾಕತ್ತಾಕಿ ಆರೂವರಿ ಪೆಂಟಿ ತೂಗ್ತಾಳೇನು?" ಅಂದಳು. "ನಮ್ಮಕ್ಕ ನನಗ ಗೊತ್ತಿಲ್ಲೇನು? ತಾ ಕರೀಬಾರ್ದು, ನಾನಾಗೇ ಹೊಸ್ತಿಲ ಹತ್ತಬೇಕು. ಅದಕ್ಕ ಮಗಳನ್ನ ಅಳಸಿ ಕಳಿಸ್ಯಾಳ. ಹೋಗಿ ಹೇಳು, ಕರದ್ರ ಬರ್ತೀನಂತ. ಒಂದು ಮಾತು ಕರೀಲಿ, ಬರಿಗಾಲಿಲೆ ಓಡಿ ಬರ್ತೀನಿ."

ಎರಡು ಮನೆಯಲ್ಲಿ ಎರಡು ಮುದುಕಿಯರು, ಒಂದೇ ಬೆಲ್ಲ ತಿಂದು ಒಂದೇ ಮಾತು ಹೇಳಿದರು. ನಡುವೆ ನಾನೊಬ್ಬಳು ಖರೇ ಹೇಳುವವಳು, ಎರಡೂ ಕಡೆ ಸುಳ್ಳಿಯಾದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣಂದಿರಿಗೆ ಹಾಕದ ಶಾಪವಿಲ್ಲ.

ಅವ್ವ ಆ ನಂತರ ಎರಡು ತಿಂಗಳೂ ಬದುಕಲಿಲ್ಲ. ಮೊದಲ ಕೆಲವು ವಾರ ಖುಷಿಯಾಗಿದ್ದಳು ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಅಂಗಡಿಯಲ್ಲಿ ಬಂದು ಕೂತು ಬಂದವರಿಗೆಲ್ಲ ತುಲಾಭಾರದ ಸುದ್ದಿ ಹೇಳಿದಳು. ಮುಂದಿನ ಸೀತನಿ ಕಾಲಕ್ಕೆ ತಂಗಿಯೇ ಸೋತು ಬರುತ್ತಾಳೆ, ಬಂದರೆ ಒಂದು ಹೊಸ ಸೀರೆ, ಯಾರೂ ಉಡದ್ದು, ಕೊಟ್ಟುಬಿಡುತ್ತೇನೆ ಅಂದಳು. ಆಮೇಲೆ ಹಾಸಿಗೆ ಹಿಡಿದಳು. ಕೊನೆಯ ಮೂರು ದಿನ ಮಾತಿಲ್ಲ, ಗುರುತಿಲ್ಲ. ಆಗ ದೊಡ್ಡಣ್ಣನಿಗೆ ಕೊಡಂಬಲದ ನೆನಪಾಯಿತು. ಫೋನು ಮಾಡಿದ. ಚಿಗವ್ವ ಗಾಡಿ ಮಾಡಿಕೊಂಡು ಹೊರಟಳು, ದಾರಿಯಲ್ಲಿರುವಾಗಲೇ ಅವ್ವನ ಉಸಿರು ನಿಂತಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಬೀಳದಂತೆ ಕಟ್ಟಿ ಕೂಡಿಸುತ್ತಾರೆ. ಅವ್ವನನ್ನೂ ಹಾಗೇ ಕೂಡಿಸಿದರು. ಮೇಲೆ ದಪ್ಪ ಶಾಲು ಹೊದೆಸಿ, ಕೊರಳ ತುಂಬ ಹಾರ ಹಾಕಿ ಮೈ ಕಾಣದಂತೆ ಮಾಡಿದ್ದರು. ಚಿಗವ್ವ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಹೊಸ್ತಿಲು ದಾಟಿ ನೇರ ಬಂದು, ಹಾರಗಳ ಸಮೇತ ಅಕ್ಕನನ್ನು ತಬ್ಬಿಕೊಂಡಳು. ತಬ್ಬಿದ ರಭಸಕ್ಕೆ ಕಟ್ಟು ಸಡಿಲಾಗಿ ಅವ್ವ ಪೂರ್ತಿ ಅವಳ ಮೇಲೆ ವಾಲಿದಳು. ನಾಲ್ಕು ಮಂದಿ ಹಿಡಿಯಲು ಧಾವಿಸಿದರು. ಬೇಕಾಗಲಿಲ್ಲ. ಚಿಗವ್ವ, ಆ ವಯಸ್ಸಿನ ಮುದುಕಿ, ಒಂದೇ ತೋಳಿನಲ್ಲಿ ಅವ್ವನನ್ನು ಹಿಡಿದುಕೊಂಡಿದ್ದಳು.

ಅವಳು ಅಳಲಿಲ್ಲ. ತೋಳಿನಲ್ಲಿದ್ದುದನ್ನು ಒಮ್ಮೆ ಮೆಲ್ಲಗೆ ಮೇಲೆತ್ತಿ ನೋಡಿದಳು. ಆಮೇಲೆ ಮನೆ ತುಂಬ ನೆರೆದಿದ್ದವರ ಕಡೆ ತಿರುಗಿ, ಭಜನೆಯವರೂ ಸುಮ್ಮನಾಗುವ ದನಿಯಲ್ಲಿ ಕೇಳಿದಳು:

"ಇಕಿನ್ನ ತೂಗಿದವ್ರು ಯಾರು?"

ನಾನು ದೊಡ್ಡಣ್ಣನ ಕಡೆ ನೋಡಿದೆ. ಅವನು ಹೂವಿನವನನ್ನು ವಿಚಾರಿಸಬೇಕು ಅಂತ ಹೊರಗೆ ಹೋದ.